ಮೇಷ್ಟ್ರಿಗೆ ಬಡಿಸುವವನು

"ಉಗ್ಗ ನನ್ಮಗನೇ, ನಿಂಗೆ ನಾಲಗೆ ಕೊಟ್ಟೋರೇ ಅವರು ಕಣ್ಲಾ. ಅವರಿಲ್ದಿದ್ರೆ ಇವತ್ತೂ ಕುರಿ ಅಂಗೆ ಮೇ ಮೇ ಅಂತ ಬಿದ್ದಿರ್ತಿದ್ದೆ."

ಕಾಂತರಾಜು ಇದನ್ನು ಹೇಳಿದ್ದು ಸ್ವಂತ ಮಗ ಅಭಿಷೇಕನಿಗೆ, ಬಾಗೂರಿನ ಪ್ರಾಕ್ಟೀಸ್ ಮನೆಯಲ್ಲಿ, ನಾಟಕದವರೆಲ್ಲ ಚಾಪೆ ಹಾಸಿಕೊಂಡು ಕೂತಿದ್ದಾಗ. ಅಷ್ಟಕ್ಕೇ ನಿಲ್ಲಿಸಲಿಲ್ಲ. ವರ್ಷಗಟ್ಟಲೆ ದೊರೆ ಪಾರ್ಟು ಮಾಡಿದ ಗಂಟಲು ಅದು. ಎದುರಿಗೆ ನಾಲ್ಕು ಜನ ಕಂಡರೆ ತಾನಾಗಿಯೇ ಅಗಲವಾಗುತ್ತಿತ್ತು. ತುಟಿ ಒತ್ತಿ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಮಗನ ಉಗ್ಗನ್ನು ಆಡಿ ತೋರಿಸಿದ. ಮಂತ್ರಿ ಪಾರ್ಟಿನ ದೇವರಾಜು, ವರಸೆಯಲ್ಲಿ ಅಭಿಷೇಕನಿಗೆ ಚಿಕ್ಕಪ್ಪ, ಮೊದಲು ನಕ್ಕ. ಅವನು ನಕ್ಕ ಮೇಲೆ ಮಿಕ್ಕವರಿಗೂ ಧೈರ್ಯ ಬಂತು.

ಅಭಿಷೇಕ ಹೇಳಿದ್ದಾದರೂ ಏನು? ಪಾಲಾಕ್ಷ ಮೇಷ್ಟ್ರು ಹಾರ್ಮೋನಿಯಂಗೆ ಕೂತರೆ ನಾನು ಪಾರ್ಟು ಮಾಡಲ್ಲ ಎಂದಿದ್ದ. ಒಂದೇ ಮಾತು. ಅದನ್ನೂ ತೊಡೆಯ ಮೇಲೆ ಹೆಬ್ಬೆರಳಿನಿಂದ ತಾಳ ತಟ್ಟಿಕೊಂಡು, ಒಂದೊಂದು ಪದವನ್ನೂ ಪೆಟ್ಟಿನ ಮೇಲೆ ಇಳಿಸಿ, ತಡವರಿಸದೆ ಹೇಳಿದ್ದ. ಆ ತಾಳ ಕಲಿಸಿಕೊಟ್ಟವರು ಮೇಷ್ಟ್ರೇ. ಅಪ್ಪ ಚುಚ್ಚಿದ್ದು ಸುಳ್ಳಲ್ಲ. ಸುಳ್ಳಲ್ಲ ಎಂಬುದೇ ಅವನನ್ನು ಹೆಚ್ಚು ಚುಚ್ಚಿದ್ದು.

ಎಂಟನೇ ಕ್ಲಾಸಿನಲ್ಲಿ ಪಾಠ ಓದು ಎಂದು ನಿಲ್ಲಿಸಿದಾಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಇಡೀ ಕ್ಲಾಸು ಮೇಜು ಕುಟ್ಟಿ ನಕ್ಕಿದ್ದಕ್ಕೆ ಚೀಲ ಬಿಸಾಕಿ ಮನೆಗೆ ಬಂದವನು ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಡಾಕ್ಟರಾಯಿತು, ಹರಕೆಯಾಯಿತು. ಕಡೆಗೆ ಕಾಂತರಾಜು ಹುಡುಗನನ್ನು ಪಾಲಾಕ್ಷ ಮೇಷ್ಟ್ರ ಮುಂದೆ ಕೂರಿಸಿದ. ಮಾತು ಬರದ ಹುಡುಗನಿಗೆ ಹಾಡು ಬಂತು. ಹಾಡಿನ ಹಿಂದೆಯೇ ಮಾತೂ ಬಂತು.

ಬೇರೆ ಊರಿನವರು ಪುರಾಣದ ನಾಟಕ ಆಡಿದರೆ ಬಾಗೂರಿನವರದು 'ಭೈರನಾಯಕ'. ಹೊಳೆಯಂಚಿನ ಕೋಟೆಯ ಪಾಳೇಗಾರನೊಬ್ಬನ ಕಥೆ. ಕಟ್ಟಿದವರು ಕೊಣನೂರಿನ ಪಾಲಾಕ್ಷ ಮೇಷ್ಟ್ರು; ಮಾತು ಅವರದು, ಪದ ಅವರದು, ಮಟ್ಟು ಅವರದು. ಕಾಂತರಾಜು ಭೈರನಾಯಕ, ಅಭಿಷೇಕ ಅವನ ತಮ್ಮ ಚೆನ್ನನಾಯಕ. ಕೋಟೆ ಬಿದ್ದ ಮೇಲೆ ಚೆನ್ನನಾಯಕ ಅಣ್ಣನ ಮುಂದೆ ನಿಂತು ಒಂದು ಪದ ಹಾಡುತ್ತಾನೆ:

ಬಿದ್ದ ಕೋಟೆಯ ಕಲ್ಲು ಕೇಳುತಾವಣ್ಣ
ಬಾಗಿಲು ತೆಗೆದವರು ಯಾರಣ್ಣ

ಈ ಎರಡು ಸಾಲಿಗೆ ಚನ್ನರಾಯಪಟ್ಟಣದಲ್ಲಿ ಜನ ಸ್ಟೇಜ್ ಹತ್ತಿ ಶಾಲು ಹೊದೆಸಿದ್ದರು. ಅರಕಲಗೂಡಿನಲ್ಲಿ ಮೂರು ಸಲ ಒನ್ಸ್ ಮೋರ್ ಆಗಿತ್ತು.

ಈ ಮಳೆಗಾಲದಲ್ಲಿ ಹೊಳೆನರಸೀಪುರದಿಂದ ಸುದ್ದಿ ಬಂತು. ಮೇಷ್ಟ್ರು ಅಲ್ಲಿ ಮಹಡಿ ರೂಮು ಹಿಡಿದು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಅರಕಲಗೂಡು ಕಡೆಯ ಹೈಸ್ಕೂಲು ಹುಡುಗಿಯೊಬ್ಬಳು ಬಾಯಿ ಬಿಟ್ಟಳು. ಪೋಕ್ಸೊ ಕೇಸಾಯಿತು. ಜೈಲಿಗೆ ಹೋದ ಮೇಷ್ಟ್ರು ದೀಪಾವಳಿಯ ಹೊತ್ತಿಗೆ ಜಾಮೀನಿನ ಮೇಲೆ ಹೊರಗೆ ಬಂದರು. ಬಂದದ್ದೇ ತಡ, ಕಾಂತರಾಜು ಹಾಸನದಲ್ಲಿ ಹಾಲ್ ಬುಕ್ ಮಾಡಿದ. ಒಂದು ಆಟ, ಮೇಷ್ಟ್ರು ಎಲ್ಲರ ಮುಂದೆ ಹಾರ್ಮೋನಿಯಂ ಹಿಡಿದು ಕೂತು ನಡೆಸಿಕೊಟ್ಟರೆ, ಕೇಸಿನ ಮಾತು ಜನರ ಬಾಯಲ್ಲಿ ತಣ್ಣಗಾಗುತ್ತದೆ ಎಂಬುದು ಅವನ ಲೆಕ್ಕ.

"ಕೋರ್ಟು ಅದರ ಕೆಲಸ ಮಾಡ್ಕಳ್ಳಿ. ಕಲೆ ಬ್ಯಾರೆ, ಮನುಷ್ಯ ಬ್ಯಾರೆ" ಎಂದು ಪ್ರಾಕ್ಟೀಸ್ ಮನೆಯಲ್ಲಿ ತೀರ್ಪು ಕೊಟ್ಟಿದ್ದ. ದೇವರಾಜು ತಲೆದೂಗಿದ್ದ. ಆಗಲೇ ಅಭಿಷೇಕ ಎದ್ದು ನಿಂತು ಆ ಒಂದು ಮಾತು ಹೇಳಿದ್ದು, ಅಪ್ಪನಿಂದ ಕುರಿ ಅನ್ನಿಸಿಕೊಂಡದ್ದು.

ನಕ್ಕವರ ಮುಖವನ್ನೆಲ್ಲ ಒಂದೊಂದಾಗಿ ನೋಡಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮನೆಯಲ್ಲಿ ಆ ವಾರ ಉಣ್ಣುವ ಹೊತ್ತು ಅಂದರೆ ಎಲ್ಲರಿಗೂ ಬೇಡದ ಹೊತ್ತು. ಕಾಂತರಾಜು ನಡುಮನೆಯಲ್ಲಿ ಗೋಡೆಗೆ ಒರಗಿ ಒಬ್ಬನೇ ಉಣ್ಣುತ್ತಿದ್ದ. ಅಭಿಷೇಕ ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದ. ಅವನ ತಂಗಿ ರೂಪಶ್ರೀ ಪಿಯುಸಿ ಓದುತ್ತಿದ್ದಳು. ಬೆಳಗಿನ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋಗಿ ಸಂಜೆ ಬರುವವಳು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದಳು. ತಾಯಿ ನಾಗಲಕ್ಷ್ಮಿ ಮೂರು ಕಡೆಗೂ ಮುದ್ದೆ ಸಾಗಿಸಿ ಸಾಗಿಸಿ ಸುಸ್ತಾದಳು.

"ಇದೇನು ಮನೆಯೋ ಛತ್ರವೋ" ಎಂದಳು ಅಜ್ಜಿ ಲಕ್ಷ್ಮಿದೇವಮ್ಮ. ಅವಳಿಗೆ ಹಲ್ಲಿರಲಿಲ್ಲ, ಕಿವಿ ಮಾತ್ರ ಚೂಪಾಗಿತ್ತು. "ಯಾವೋನೋ ಏನೋ ಮಾಡ್ದ ಅಂತ ನಮ್ಮನೇಲಿ ಸಾರು ಆರೋಗ್ತಾ ಅದೆ."

"ಯಾವೋನೋ ಅಲ್ಲ ಅಜ್ಜಿ. ನಿನ್ ಮಗನ ಮೇಷ್ಟ್ರು" ಎಂದಳು ರೂಪಶ್ರೀ, ನಡುಮನೆಗೆ ಕೇಳಿಸುವ ಹಾಗೆ.

"ಊಟದ ಒತ್ತಲ್ಲಿ ಆ ಮಾತು ಬ್ಯಾಡ ಅಂದಿವ್ನಿ" ಎಂದ ಕಾಂತರಾಜು.

"ಯಾವ ಹೊತ್ತಲ್ಲಿ ಮಾತಾಡ್ಬೇಕು ಅಂತ ನೀವೇ ಹೇಳಿ. ಆ ಹೊತ್ತಿಗೆ ಕಾಯ್ತೀನಿ. ಆ ಹುಡುಗಿ ನನ್ಗಿಂತ ಚಿಕ್ಕೋಳು ಅಪ್ಪ."

"ಚಿಕ್ಕೋರು ದೊಡ್ಡೋರ ಮ್ಯಾಲೆ ಸುಳ್ಳು ಏಳಲ್ವಾ?"

"ಹೇಳ್ತಾರೆ. ದೊಡ್ಡೋರು ಚಿಕ್ಕೋರ ಮೇಲೆ ಹೇಳಲ್ವಾ?"

ಕಾಂತರಾಜು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದ. ಆ ಮನೆಯಲ್ಲಿ ತಟ್ಟೆಯಲ್ಲಿ ಕೈ ತೊಳೆಯುವುದೆಂದರೆ ನಾಗಲಕ್ಷ್ಮಿಗೆ ಮಾಡಿದ ಅವಮಾನ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಜಗಲಿಯಲ್ಲಿ ಕೂತ ಅಭಿಷೇಕನಿಗೆ ಅವ್ವ ಇದರಲ್ಲಿ ಯಾರ ಕಡೆ ಎಂಬುದೇ ತಿಳಿಯಲಿಲ್ಲ. ಅವಳು ಒಂದು ಮಾತನ್ನೂ ಆಡಿರಲಿಲ್ಲ.

ಅಭಿಷೇಕನ ಕಸುಬು ಲಗೇಜ್ ಆಟೊ. ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಸಂತೆಗಳಿಗೆ ಹೊಡೆಯುತ್ತಿದ್ದ. ಆಟೊದ ಮುಂದಿನ ಗಾಜಿನ ಮೇಲೆ ಕೆಂಪು ರೇಡಿಯಂ ಅಕ್ಷರದಲ್ಲಿ 'ಪಾಲಾಕ್ಷ ಗುರುಕೃಪೆ' ಎಂದು ಬರೆಸಿದ್ದ. ಗಾಡಿ ತಂದ ದಿನ ಮೇಷ್ಟ್ರೇ ನಿಂಬೆಹಣ್ಣು ಇಟ್ಟು ಹತ್ತಿಸಿದ್ದರು. ಸುದ್ದಿ ಬಂದ ಮೇಲೆ ಅದನ್ನು ಕಿತ್ತು ಹಾಕಬೇಕೆಂದು ದಿನಾ ಅಂದುಕೊಳ್ಳುವುದು, ದಿನಾ ಏನೋ ಒಂದು ಕೆಲಸ ಅಡ್ಡ ಬರುವುದು. ನಿಜ ಹೇಳಬೇಕೆಂದರೆ ಕೈ ಏಳುತ್ತಿರಲಿಲ್ಲ.

ಕೊಣನೂರು ಸಂತೆಯಲ್ಲಿ ಕಾಯಿ ಇಳಿಸಿ ರಾಶಿ ಹಾಕಿದ್ದ. ಚಿಲ್ಲರೆ ವ್ಯಾಪಾರದ ಹೆಂಗಸೊಬ್ಬಳು ಬಂದು ಎರಡು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಗಟ್ಟಿ ಕಾಯಿ. ಮೂಟೆಗೆ ಎಷ್ಟು ಎಂದು ಕೇಳಲು ತಲೆಯೆತ್ತಿದವಳ ಕಣ್ಣು ಆಟೊದ ಗಾಜಿಗೆ ಬಿತ್ತು. ಎರಡೂ ಕಾಯಿಯನ್ನು ಮೊಟ್ಟೆ ಇಡುವ ಹಾಗೆ ಮೆಲ್ಲಗೆ ರಾಶಿಯ ಮೇಲೆ ವಾಪಸು ಇಟ್ಟಳು.

"ಯಾಕಮ್ಮ, ಕಾಯಿ ಚೆನ್ನಾಗವೆ" ಎಂದ ಅಭಿಷೇಕ.

"ಕಾಯಿ ಚೆನ್ನಾಗೇ ಅವೆ. ಬಾಗೂರು ಚೆನ್ನನಾಯಕ ಅಲ್ವಾ ನೀನು?"

ಯಾರು ಹಾಗೆ ಕೇಳಿದರೂ ಅವನಿಗೆ ಒಳಗೊಳಗೇ ಹಿಗ್ಗು. ಆವತ್ತೂ ಒಂದು ಗಳಿಗೆ ಹಿಗ್ಗಿಬಿಟ್ಟ.

"ನಿನ್ ಆಡು ಕೇಳೇ ನಾನು ಮಗಳನ್ನ ಮೇಷ್ಟ್ರು ತವ ಸೇರಿಸಿದ್ದು ಕಣಪ್ಪ" ಎಂದಳು ಹೆಂಗಸು. "ಅರಕಲಗೂಡಲ್ಲಿ ನಿಮ್ ನಾಟ್ಕ ಆದಾಗ ನಿಮ್ಮವ್ವ ನನ್ ಪಕ್ಕದಲ್ಲೇ ಕೂತಿದ್ರು. ಮಾತೇ ಬರ್ದಿದ್ದ ಉಡುಗನ್ನ ಇಂಗೆ ಮಾಡವ್ರೆ ಅಂದ್ರು. ಎಣ್ಣುಮಗೀನ ಕಳ್ಸಬೋದಾ, ಮೇಷ್ಟ್ರು ಎಂಗೆ ಅಂತ ಕೇಳ್ದೆ. ದೇವರಂತೋರು ಅಂದ್ರು."

ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಪಕ್ಕದ ರಾಶಿಗೆ ಹೋಗಿ ಅಲ್ಲಿ ಕಾಯಿ ಅಲ್ಲಾಡಿಸತೊಡಗಿದಳು. ಅಭಿಷೇಕನ ಹೆಬ್ಬೆರಳು ತೊಡೆಯ ಮೇಲೆ ತಟ್ಟುತ್ತಲೇ ಇತ್ತು, ಅದರ ಮೇಲೆ ಇಳಿಸಲು ಒಂದು ಮಾತೂ ಬರಲಿಲ್ಲ.

ಸಂತೆಮಾಳದ ಅಂಚಿಗೆ ಗಾಡಿ ನಿಲ್ಲಿಸಿ ಬ್ಲೇಡಿನಿಂದ ಅಕ್ಷರಗಳನ್ನು ಕೆರೆದ. ರೇಡಿಯಂ ಸುರುಳಿ ಸುರುಳಿಯಾಗಿ ಬಂತು. ಅಂಟು ಉಳಿಯಿತು. ಬಾಗೂರು ಸೇರುವ ಹೊತ್ತಿಗೆ ರಸ್ತೆಯ ಧೂಳೆಲ್ಲ ಆ ಅಂಟಿಗೆ ಕೂತು, ಕೆಂಪಾಗಿದ್ದ ಹೆಸರು ಮಣ್ಣಿನ ಬಣ್ಣದಲ್ಲಿ ಮತ್ತೆ ಓದುವ ಹಾಗೆ ಎದ್ದು ನಿಂತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದ. ಕೈಯ ಚರ್ಮ ಉರಿಯುವ ತನಕ ತಿಕ್ಕಿದ.

ನಾಗಲಕ್ಷ್ಮಿ ಹಿತ್ತಿಲ ಬಾಗಿಲಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಪಕ್ಕದಲ್ಲಿ ರೂಪಶ್ರೀ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತಾನೂ ಒಂದೊಂದು ಕಾಳು ಹಿತುಕುತ್ತಿದ್ದಳು. ಅಭಿಷೇಕ ಬಂದವನೇ ಸಂತೆಯ ಹೆಂಗಸಿನ ಮಾತನ್ನು ಇದ್ದ ಹಾಗೇ ಒಪ್ಪಿಸಿದ. ನಾಗಲಕ್ಷ್ಮಿಯ ಬೆರಳುಗಳ ನಡುವಿನ ಕಾಳು ಅಲ್ಲೇ ನಿಂತಿತು.

"ಅಂದಿದ್ಯಾ ಅವ್ವ, ದೇವರಂತೋರು ಅಂತ?"

"ಅಂದಿದ್ದೆ."

"ನಿಂಗೆ ಏನೂ ಗೊತ್ತಿರ್ಲಿಲ್ವಾ?"

ನಾಗಲಕ್ಷ್ಮಿ ಕಾಳಿನ ಸಿಪ್ಪೆ ಬಿಸಾಕಿದಳು. ಉತ್ತರ ಕೊಟ್ಟವಳು ರೂಪಶ್ರೀ.

"ಅಣ್ಣ, ಮೇಷ್ಟ್ರು ಊಟಕ್ಕೆ ಬಂದ ದಿನ ನಾನು ಯಾವತ್ತಾದ್ರೂ ಮನೇಲಿದ್ನಾ?"

ಅಭಿಷೇಕ ನೆನಪು ಮಾಡಿಕೊಂಡ. ಮೇಷ್ಟ್ರು ಬಂದರೆಂದರೆ ಮನೆಯಲ್ಲಿ ಕೋಳಿ ಸಾರು. ಅವರು ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಒಬ್ಬಟ್ಟು. ಚೆಂಬಿನಲ್ಲಿ ಅವರ ಕೈಗೆ ನೀರು ಹಾಕುವವನು ಅಭಿಷೇಕ. ಎಲೆ ಹಾಕುವವನು, ತುಪ್ಪ ಬಿಡುವವನು ಅಭಿಷೇಕ. ಅಡುಗೆಮನೆಯಿಂದ ಅವ್ವನ ಕೂಗು: ಅಭೀ, ಮೇಷ್ಟ್ರಿಗೆ ಬಡಿಸಪ್ಪ. ಶಿಷ್ಯ ಎಂದು ತನಗೆ ಆ ಮರ್ಯಾದೆ ಸಿಗುತ್ತಿದೆ ಎಂದೇ ಅವನು ತಿಳಿದಿದ್ದ. ರೂಪ ಅಷ್ಟು ಹೊತ್ತಿಗೆ ದೇವರಾಜು ಚಿಕ್ಕಪ್ಪನ ಮನೆಗೋ, ಮೊಸರಿಗೋ, ದನ ನೋಡಲಿಕ್ಕೋ ಹೋಗಿರುತ್ತಿದ್ದಳು. ಪ್ರತಿ ಸಲ. ಒಂದು ಸಲವೂ ತಪ್ಪದೆ.

"ಇವಳು ಚಿಕ್ಕೋಳಿದ್ದಾಗ ಒಂದಪ ಸಾರು ಬಡಿಸೋಕೆ ಓದ್ಲು" ಎಂದಳು ನಾಗಲಕ್ಷ್ಮಿ, ಪಾತ್ರೆಯೊಳಗಿನ ಕಾಳಿಗೆ ಹೇಳುವವಳ ಹಾಗೆ. "ಕೈ ಇಡ್ಕೊಂಡೋರು ಬುಡ್ಲಿಲ್ಲ. ನಗ್ತಾ ನಗ್ತಾನೇ ಬುಡ್ಲಿಲ್ಲ. ನಂಗೆ ಸರಿ ಕಾಣ್ಲಿಲ್ಲ ಕಣೋ. ಅಷ್ಟೇಯ. ಆಮ್ಯಾಲೆ ನಾನು ಇವಳನ್ನ ಅವರ ಕಣ್ಣಿಗೆ ಬೀಳಿಸ್ಲಿಲ್ಲ."

"ಮತ್ತೆ ಆ ಅಮ್ಮಂಗೆ ಯಾಕೆ ಏಳ್ಲಿಲ್ಲ?"

"ನಿಂಗೆ ಮಾತು ಬತ್ತಿತ್ತು" ಎಂದಳು ನಾಗಲಕ್ಷ್ಮಿ. ಮೊದಲ ಸಲ ಮಗನ ಮುಖ ನೋಡಿದಳು. "ತಿಂಗಳಿಗೆ ಒಂದೊಂದು ಮಾತು ಜಾಸ್ತಿ ಬತ್ತಿತ್ತು. ನಾನು ಬಾಯಿ ಬುಟ್ಟಿದ್ರೆ ಮೇಷ್ಟ್ರು ಈ ಕಡೆ ಬತ್ತಿರ್ಲಿಲ್ಲ. ನೀನು ಅಂಗೇ ಉಳ್ಕತಿದ್ದೆ. ಇಬ್ರು ಮಕ್ಕಳು ನಂಗೆ. ಒಬ್ಬಳನ್ನ ಬಚ್ಚಿಟ್ಟೆ, ಒಬ್ಬನ್ನ ಕಳಿಸ್ದೆ. ಇನ್ನೊಬ್ರ ಮಕ್ಕಳ ಇಚಾರ ನಂಗೆ ಒಳೀಲೇ ಇಲ್ಲ."

ಅಭಿಷೇಕ ಅವ್ವನನ್ನು ಬೈಯಬೇಕೆಂದು ಬಾಯಿ ತೆರೆದ. ಆದರೆ ಬೈಯಲಿಕ್ಕೂ ಬೇಕಾಗಿದ್ದುದು ಅವಳು ಹಾಗೆ ಸಂಪಾದಿಸಿಕೊಟ್ಟ ಅದೇ ನಾಲಗೆ.

ಕಾಂತರಾಜು ಮಾತ್ರ ತನ್ನ ದಾರಿ ಬಿಡಲಿಲ್ಲ. ಮಗನನ್ನು ಸರಿ ಮಾಡಲು ಅವನಿಗೆ ಕಂಡ ಉಪಾಯವೆಂದರೆ ಮೇಷ್ಟ್ರನ್ನೇ ಮನೆಗೆ ಕರೆತರುವುದು. ಒಂದು ಭಾನುವಾರ ಹೇಳದೆ ಕೇಳದೆ ಬೈಕಿನ ಹಿಂದೆ ಕೂರಿಸಿಕೊಂಡು ಬಂದುಬಿಟ್ಟ.

ಪಾಲಾಕ್ಷ ಮೇಷ್ಟ್ರು ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ದನಿ ಮಾತ್ರ ಅದೇ, ತುಪ್ಪ ಸವರಿದ ದನಿ. ಜಗಲಿಯಲ್ಲಿ ನಿಂತಿದ್ದ ಅಭಿಷೇಕನ ಹೆಗಲ ಮೇಲೆ ಕೈಯಿಟ್ಟು, "ಮಗ, ಗಂಟಲು ಎಂಗಿದೆ? ಚಳಿಗಾಲ, ಮೆಣಸು ಬೆಲ್ಲ ಬುಡಬ್ಯಾಡ" ಎಂದರು. ಕೇಸಿನ ಮಾತೇ ಇಲ್ಲ. ಅಭಿಷೇಕನಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಆ ಕೈ ಬಿದ್ದ ಕೂಡಲೇ ಹಳೆಯ ಅಭ್ಯಾಸಕ್ಕೆ ಬಗ್ಗಿದ ತನ್ನ ಕತ್ತಿನ ಮೇಲೆ.

ನಡುಮನೆಯಲ್ಲಿ ಎಲೆ ಬಿತ್ತು, ನಾಗಲಕ್ಷ್ಮಿ ಅನ್ನ ಇಟ್ಟು ಒಳಗೆ ಹೋದಳು. ಕಾಂತರಾಜು, ಮೇಷ್ಟ್ರು ಕೂತರು. "ಅಭೀ, ಬಡಿಸ್ಲಾ" ಎಂದು ಕಾಂತರಾಜು ಕರೆದ.

ಅಭಿಷೇಕ ನಡುಮನೆಯ ಬಾಗಿಲಲ್ಲೇ ನಿಂತ. ಅಡುಗೆಮನೆಯ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ಕಾಣಿಸಿಕೊಂಡವಳು ರೂಪಶ್ರೀ. ನಾಗಲಕ್ಷ್ಮಿ ಹಿಂದಿನಿಂದ ಅವಳ ದುಪಟ್ಟ ಹಿಡಿದಳು. ರೂಪಶ್ರೀ ಬಿಡಿಸಿಕೊಂಡು ನೇರವಾಗಿ ಬಂದು ಮೇಷ್ಟ್ರ ಎಲೆಯ ಮುಂದೆ ನಿಂತಳು. ಬಗ್ಗಲಿಲ್ಲ.

"ನಾನು ಕಾಂತರಾಜು ಮಗಳು ಮೇಷ್ಟ್ರೇ. ಗುರುತು ಸಿಕ್ತಾ? ಸಿಕ್ಕಿರಲ್ಲ. ಇಷ್ಟು ವರ್ಷ ನೀವು ಬಂದಾಗೆಲ್ಲ ನನ್ನ ಆಚೆ ಕಳಿಸ್ತಿದ್ರು. ಯಾಕೆ ಅಂತ ಹೇಳ್ತೀರಾ?"

ಮೇಷ್ಟ್ರು ಎಲೆಯನ್ನೇ ನೋಡುತ್ತಾ ಕೂತರು. ಅನ್ನ ಕಲಸಲು ಹೋದ ಬೆರಳು ಹಾಗೇ ನಿಂತಿತ್ತು. ಅಜ್ಜಿ ಮೂಲೆಯಿಂದ, "ಕೇಳ್ತಾ ಅವಳಲ್ಲ ಮಗು, ಏಳಿ ಮತ್ತೆ" ಎಂದಳು. ಅಜ್ಜಿ ಯಾರ ಕಡೆ ಎಂದು ಆವತ್ತು ಎಲ್ಲರಿಗೂ ಗೊತ್ತಾಯಿತು.

ಕಾಂತರಾಜು ಎದ್ದ ರಭಸಕ್ಕೆ ಎಲೆಯ ಮೇಲಿನ ಅನ್ನ ನೆಲಕ್ಕೆ ಚೆಲ್ಲಿತು. ಮಗಳ ಕೆನ್ನೆಗೆ ಎತ್ತಿದ ಕೈಯನ್ನು ಅಭಿಷೇಕ ಮಣಿಕಟ್ಟಿನಲ್ಲೇ ಹಿಡಿದ. ಕಾಯಿ ಮೂಟೆ ಎತ್ತಿ ಎತ್ತಿ ಗಟ್ಟಿಯಾದ ಹಿಡಿತ. ಕಾಂತರಾಜು ಕೊಸರಿದರೂ ಬಿಡಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಎದ್ದು, ಕೈಗೆ ನೀರು ಹಾಕುವವರಿಲ್ಲದೆ ತಾವೇ ತೊಟ್ಟಿಯ ಹತ್ತಿರ ಹೋಗಿ ತೊಳೆದುಕೊಂಡು, ರಸ್ತೆಗೆ ಇಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದರು.

"ನಿಂಗೂ ಗೊತ್ತಿತ್ತಾ ಅಪ್ಪ?" ಎಂದು ಕೇಳಿದ ಅಭಿಷೇಕ.

"ಗೊತ್ತಿತ್ತು. ಏನೀಗ? ನಮ್ ಮನೆ ಮಗೂನ ನಾವು ಕಾಪಾಡ್ಕೊಂಡ್ವಲ್ಲ. ಅವರವರ ಮಕ್ಕಳನ್ನ ಅವರವರು ನೋಡ್ಕಬೇಕು. ಅದಕ್ಕೆ ನಾಟ್ಕ ಯಾಕೆ ನಿಲ್ಬೇಕು?"

ಕಲೆ ಬೇರೆ, ಮನುಷ್ಯ ಬೇರೆ ಎಂದರೆ ಏನೆಂದು ಅಭಿಷೇಕನಿಗೆ ಆಗ ಅರ್ಥವಾಯಿತು. ಅದನ್ನು ಬೇರೆ ಮಾಡುವ ಕೆಲಸವನ್ನು ತನ್ನ ಮನೆಯ ಅಡುಗೆಕೋಣೆ ಎಷ್ಟೋ ವರ್ಷದಿಂದ ಮಾಡಿಕೊಂಡೇ ಬಂದಿತ್ತು. ಬಾಗಿಲ ಆಚೆ ಹಾಡು, ಬಾಗಿಲ ಈಚೆ ಹೆಣ್ಣುಮಗು. ಬಾಗಿಲಿಲ್ಲದ ಮನೆಯವರ ಗತಿ ಹೊಳೆನರಸೀಪುರದ ಮಹಡಿ ರೂಮು.

ಅಪ್ಪನ ಕೈ ಬಿಟ್ಟ.

ಆ ಮೇಲೆ ಕಾಂತರಾಜು ತಗ್ಗಿದ. ತಗ್ಗಿದ ಹಾಗೆ ಕಂಡ. ಚೆನ್ನನಾಯಕನಿಲ್ಲದೆ ನಾಟಕವಿಲ್ಲ, ಹಾಲ್ ಬುಕ್ಕಾಗಿದೆ, ಪಾಂಪ್ಲೆಟ್ ಅಂಗಡಿ ಅಂಗಡಿಗೆ ಅಂಟಿಸಿಯಾಗಿದೆ. ವಾರ ಕಳೆದು ತಾನೇ ಜಗಲಿಗೆ ಬಂದು, ಮೇಷ್ಟ್ರು ಬರಲ್ಲ, ಚನ್ನರಾಯಪಟ್ಟಣದ ಶಶಿಕಿರಣ್ ಎಂಬ ಹುಡುಗ ಹಾರ್ಮೋನಿಯಂ ಹಿಡಿಯುತ್ತಾನೆ, ಪಾಂಪ್ಲೆಟಿನಲ್ಲೂ ಮೇಷ್ಟ್ರ ಹೆಸರಿಲ್ಲ, ನೋಡ್ಕೋ ಎಂದ. ನಿಜಕ್ಕೂ ಹೆಸರಿರಲಿಲ್ಲ. ಅಭಿಷೇಕ ಒಪ್ಪಿಕೊಂಡ.

"ಪದ ಅವರದೇ ಅಲ್ವಾ ಅಣ್ಣ?" ಎಂದಳು ರೂಪಶ್ರೀ.

"ಗಂಟಲು ನಂದು."

ತಂಗಿ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಆದರೆ ತಾನೂ ಅಪ್ಪನ ಮಾತನ್ನೇ ಬೇರೆ ಪದ ಹಾಕಿ ಹೇಳಿದೆ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಏನು ಮಾಡುವುದು, ಆಸೆಯಿತ್ತು. ಕಾಯಿ ಹೊಡೆಯುವ ಲಗೇಜ್ ಆಟೊದವನನ್ನು ವರ್ಷದಲ್ಲಿ ಒಂದು ದಿನ ಹಾಲಿನ ತುಂಬ ಜನ ಉಸಿರು ಹಿಡಿದು ಕೇಳುತ್ತಾರೆ. ಆ ಒಂದು ದಿನವನ್ನೂ ಆ ಮನುಷ್ಯನ ಜೊತೆ ಎಸೆದುಬಿಡುವುದು ಹೇಗೆ? ಆಟೊ ಓಡಿಸುತ್ತಾ ಬೇರೆ ಮಟ್ಟಿನಲ್ಲಿ ಪದ ಎತ್ತಿ ನೋಡಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಗಂಟಲು ತಾನಾಗಿ ಮೇಷ್ಟ್ರ ಮಟ್ಟಿಗೇ ಮರಳಿತು.

ಹಾಸನದ ಆಟ ಬೆಳಗ್ಗೆ ಹನ್ನೊಂದಕ್ಕೆ. ಹಾಲ್ ಕಿಕ್ಕಿರಿದಿತ್ತು. ಸಾಲಗಾಮೆ, ಅರಕಲಗೂಡು, ಹೊಳೆನರಸೀಪುರ ಕಡೆಯಿಂದೆಲ್ಲ ಜನ ಬಂದಿದ್ದರು. ನಾಗಲಕ್ಷ್ಮಿ, ರೂಪಶ್ರೀ, ಅಜ್ಜಿ ನಡುವಿನ ಸಾಲಿನಲ್ಲಿ ಕೂತಿದ್ದರು. ಸ್ಟೇಜಿನ ಎಡಗಡೆ ಎಲ್ಲರಿಗೂ ಕಾಣುವ ಹಾಗೆ ಶಶಿಕಿರಣ್ ಹಾರ್ಮೋನಿಯಂ ಮುಂದೆ ಕೂತಿದ್ದ. ಮೊದಲ ಅಂಕ ಚೆನ್ನಾಗಿ ಹೋಯಿತು. ಕಾಂತರಾಜುವಿನ ಮೀಸೆಗೇ ಒಂದು ಚಪ್ಪಾಳೆ ಬಿತ್ತು.

ಎರಡನೇ ಅಂಕದಲ್ಲಿ ಕೋಟೆ ಬಿತ್ತು. ಭೈರನಾಯಕ ಸಿಂಹಾಸನದಲ್ಲಿ ತಲೆ ಹಿಡಿದು ಕೂತ. ಅಭಿಷೇಕ ಮೈಕಿನ ಕೆಳಗೆ ಬಂದು ನಿಂತ, ಹೆಬ್ಬೆರಳು ತೊಡೆಗೆ ಹೋಯಿತು. ಆಗ ಹಾರ್ಮೋನಿಯಂ ಕೆಳಗಿನ ಸ್ವರವನ್ನು ಎರಡು ಸಲ ಮೆಲ್ಲಗೆ ತಟ್ಟಿ ನಿಂತಿತು.

ಹಾಗೆ ತಟ್ಟುವವರು ಲೋಕದಲ್ಲಿ ಒಬ್ಬರೇ. ಉಗ್ಗುವ ಹುಡುಗ ಮೂರನೇ ಪೆಟ್ಟಿಗೆ ಸಲೀಸಾಗಿ ಬಾಯಿ ತೆರೆಯಲಿ ಎಂದು, ಅವನೊಬ್ಬನಿಗಾಗಿಯೇ ಕಟ್ಟಿಕೊಟ್ಟ ಎರಡು ಪೆಟ್ಟು ಅದು. ಅಭಿಷೇಕ ಶಶಿಕಿರಣನ ಕಡೆ ನೋಡಿದ. ಅವನ ಬೆರಳುಗಳು ಸ್ವರದ ಮನೆಗಳ ಮೇಲಿದ್ದವು, ಗಾಳಿಯ ತಿದಿ ಒತ್ತುವ ಕೈ ಆಡುತ್ತಿರಲಿಲ್ಲ. ಅವನು ಕಣ್ಣು ತಪ್ಪಿಸಿದ.

ಮತ್ತೆ ಎರಡು ಪೆಟ್ಟು. ಸದ್ದು ಬಂದದ್ದು ಕೋಟೆಯ ಚಿತ್ರ ಬರೆದ ಪಕ್ಕದ ಪರದೆಯ ಹಿಂದಿನಿಂದ.

"ಎತ್ಕೊಳ್ಳಲಾ" ಎಂದು ಭೈರನಾಯಕ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅಭಿಷೇಕ ಎತ್ತಿಕೊಳ್ಳಲಿಲ್ಲ. ಹೋಗಿ ಪರದೆಯ ಅಂಚು ಹಿಡಿದು ಎಳೆದ. ತಂತಿಯ ಮೇಲಿನ ಪರದೆಯ ಬಳೆಗಳು ಸರಸರ ಸರಿದು, ಕೋಟೆಯ ಗೋಡೆ ಮುದುಡಿ ಒಂದು ಬದಿಗೆ ಹೋಯಿತು. ಹಿಂದೆ ಜಮಖಾನದ ಮೇಲೆ ಪಾಲಾಕ್ಷ ಮೇಷ್ಟ್ರು ಕೂತಿದ್ದರು. ಮುಂದೆ ಹಾರ್ಮೋನಿಯಂ, ಅದಕ್ಕೊಂದು ಮೈಕು, ಹೆಗಲಿಗೆ ಯಾರೋ ಹೊದೆಸಿದ್ದ ಹೊಸ ಶಾಲು.

ಮುಂದಿನ ಸಾಲಿನವರು ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಬಂತು. ಮೇಷ್ಟ್ರು ಕಣೋ ಎಂದು ಯಾರೋ ಕೂಗಿದರು. ಚಪ್ಪಾಳೆ ಶುರುವಾಯಿತು, ಎಲ್ಲರದಲ್ಲ, ಆದರೆ ಕಡಿಮೆಯೂ ಅಲ್ಲ. ಮೇಷ್ಟ್ರು ಜನಕ್ಕೆ ಕೈ ಮುಗಿದು ಅಭಿಷೇಕನ ಕಡೆ ತಿರುಗಿದರು.

"ಎತ್ಕೋ ಮಗ. ಶ್ರುತಿ ಕೊಡ್ತಿವ್ನಿ."

ಅಭಿಷೇಕ ಮೈಕಿನ ಕೆಳಗೆ ವಾಪಸು ಬಂದ. ಹೆಬ್ಬೆರಳನ್ನು ತೊಡೆಯಿಂದ ತೆಗೆದು ಮುಷ್ಟಿಯೊಳಗೆ ಮಡಚಿಕೊಂಡ. ತಾಳವಿಲ್ಲದೆ, ಎಷ್ಟೋ ವರ್ಷದ ಮೇಲೆ, ತನ್ನದೇ ನಾಲಗೆಯಲ್ಲಿ ಬಾಯಿ ತೆರೆದ.

"ನ... ನ... ನನ್ ಆಡು ಕೇಳಿ," ಎಂದ. ಹಾಲಿನಲ್ಲಿ ಒಂದಿಬ್ಬರು ನಕ್ಕರು. ಅವನು ಕಾದ, ಮತ್ತೆ ಶುರು ಮಾಡಿದ. "ನನ್ ಆಡು ಕೇಳಿ ಯಾ... ಯಾರೂ ನಿಮ್ ಮ... ಮ... ಮಕ್ಕಳನ್ನ ಇವರ ತವ ಬು... ಬುಡಬ್ಯಾಡಿ."

ಅಷ್ಟು ಹೇಳಲು ಅವನಿಗೆ ಇಡೀ ಒಂದು ಪದ ಹಾಡುವಷ್ಟು ಹೊತ್ತು ಹಿಡಿಯಿತು. ಒಂದಕ್ಷರವನ್ನೂ ನುಂಗಲಿಲ್ಲ. ಮುಗಿಯುವಷ್ಟರಲ್ಲಿ ನಗುತ್ತಿದ್ದವರೂ ಬಾಯಿ ಮುಚ್ಚಿದ್ದರು.

ಕಿರೀಟ ತೆಗೆದು ಸಿಂಹಾಸನದ ಮುಂದೆ ಇಟ್ಟ. ಪಕ್ಕದ ಮೆಟ್ಟಿಲಿನಿಂದ ಇಳಿದ. ಕಾಂತರಾಜು ದೊರೆಯ ವೇಷದಲ್ಲೇ ಸ್ಟೇಜಿನ ತುದಿಗೆ ಓಡಿ ಬಂದ. ನೆತ್ತಿಯ ಮೇಲೆ ಮೈಕಿದೆಯೆಂಬುದು ಮರೆತಿತ್ತೋ, ಗೊತ್ತಿದ್ದೇ ಕೂಗಿದನೋ.

"ಉಗ್ಗ ನನ್ಮಗನೇ, ನಿಲ್ಲಲಾ. ನಿಂಗೆ ನಾಲಗೆ ಕೊಟ್ಟೋರು ಯಾರ್ಲಾ? ಏಳ್ಬುಟ್ಟು ಓಗು. ಇಷ್ಟು ಜನದ ಮುಂದೆ ಏಳ್ಲಾ, ಯಾರು?"

ಸ್ಕೂಲಿನಲ್ಲಿ ಅವನು ಉತ್ತರ ಹೇಳದೆ ನಿಲ್ಲುತ್ತಿದ್ದುದು ಹೇಳಲಾಗದೆ. ಇವತ್ತು ಉತ್ತರ ನಾಲಗೆಯ ತುದಿಯಲ್ಲೇ ಇತ್ತು, ಬೇಕೆಂದೇ ಹೇಳದೆ ಬೆನ್ನು ತಿರುಗಿಸಿದ.

ನಡುವಿನ ಸಾಲಿನಲ್ಲಿ ರೂಪಶ್ರೀ ಎದ್ದಳು. ಅವಳ ಹಿಂದೆ ನಾಗಲಕ್ಷ್ಮಿ, ಎಲ್ಲರೂ ತಿರುಗಿ ನೋಡುತ್ತಿದ್ದಂತೆ, ಅಜ್ಜಿಯ ಕೈ ಹಿಡಿದು ಎದ್ದಳು. ಅಭಿಷೇಕ ಅವರಿಗಾಗಿಯೂ ನಿಲ್ಲಲಿಲ್ಲ. ಕುರ್ಚಿಗಳ ನಡುವಿನ ದಾರಿಯಲ್ಲಿ ಜರಿ ಅಂಗಿ, ಸೊಂಟದ ರಟ್ಟಿನ ಕತ್ತಿ, ಮುಖದ ಬಣ್ಣದ ಸಮೇತ ನಡೆದ.

ಹಿಂದೆ ಹಾರ್ಮೋನಿಯಂ ಎರಡು ಸಲ ತಟ್ಟಿತು. ಮೂರನೆಯದಕ್ಕೆ ಕಾಯುತ್ತಾ ನಿಂತಿತು.

ಅವನು ಬಾಗಿಲು ದೂಡಿಕೊಂಡು ಬಿಸಿಲಿಗೆ ನಡೆದುಬಿಟ್ಟ.